ಬೇರಿನ ಊಟವೂ ಹೂವಿನ ಮಡಿಯೂ

ಮಳೆಗಾಲವು ಹಿಂದೆ ಸರಿದು ನವರಾತ್ರಿಯ ದಿನಗಳು ಸಮೀಪಿಸಿದಾಗ, ಬೈಂದೂರಿನಿಂದ ಕುಂದಾಪುರದ ವರೆಗೂ, ಅಲ್ಲಿಂದ ಬ್ರಹ್ಮಾವರದ ವರೆಗೂ, ಹೂವಿನ ಗಿಡಗಳನ್ನು ಸಾಕುವವರ ಅಂಗಳದಲ್ಲಿ ಒಂದು ಸಣ್ಣ ಕೆಲಸವು ಆರಂಭವಾಗುತ್ತದೆ. ನಾಲ್ಕು ತಿಂಗಳು ಮಳೆಯಲ್ಲಿ ತೊಯ್ದು, ಎಲೆಯುದುರಿ, ಕಡ್ಡಿಗಳ ತುದಿ ಕಪ್ಪಾಗಿ ನಿಂತ ಗುಲಾಬಿಯ ಗಿಡಗಳನ್ನು ಮನೆಯವರು ಸವರುತ್ತಾರೆ. ಬುಡದ ಮಣ್ಣನ್ನು ಬಿಡಿಸುತ್ತಾರೆ. ಅದಕ್ಕೆ ಏನಾದರೂ ಉಣ್ಣಲು ಕೊಡುತ್ತಾರೆ. ಈ ‘ಏನಾದರೂ’ ಎಂಬ ಮಾತಿನಲ್ಲಿಯೇ ಒಂದು ಪ್ರಶ್ನೆಯು ಅಡಗಿಕೊಂಡಿದೆ. ಆ ಗಿಡದ ಹೂವು ದೇವರ ಮುಡಿಗೆ ಏರತಕ್ಕದ್ದು. ಹೀಗಿರಲು ಅದರ ಬುಡಕ್ಕೆ ಮೀನಿನ ಗೊಬ್ಬರವನ್ನು ಹಾಕಬಹುದೆ? ಎಲುಬಿನ ಹುಡಿಯನ್ನು ಹಾಕಬಹುದೆ?

ಪ್ರಶ್ನೆಯು ಸಣ್ಣದೆಂದು ಯಾರೂ ನಗಬೇಕಾಗಿಲ್ಲ. ಒಂದು ಮನೆಯಲ್ಲಿ ಸೊಸೆಯು ಪೇಟೆಯಿಂದ ತಂದ ಎಲುಬಿನ ಹುಡಿಯ ಚೀಲವನ್ನು ಅತ್ತೆಯು ಹೊಸ್ತಿಲ ಒಳಕ್ಕೆ ತರಗೊಡುವುದಿಲ್ಲ. ಪಕ್ಕದ ಮನೆಯಲ್ಲಿ ದಿನವೂ ಮೀನು ತೊಳೆದ ನೀರು ಅದೇ ಜಾತಿಯ ಗುಲಾಬಿಯ ಬುಡಕ್ಕೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಆ ಮನೆಯವರೂ ಮಿಂದು ಬಂದು, ಭಕ್ತಿಯಿಂದಲೇ, ಆ ಹೂವನ್ನು ಕೊಯ್ದು ದೇವರಿಗೆ ಏರಿಸುತ್ತಾರೆ. ಎರಡು ಮನೆಗಳ ಹೂಗಳೂ ದೇವಸ್ಥಾನದಲ್ಲಿ ಒಂದೇ ಹರಿವಾಣದಲ್ಲಿ ಸೇರಿದ ಮೇಲೆ, ಯಾವುದು ಯಾವ ಮನೆಯದೆಂದು ಬಣ್ಣದಿಂದಾಗಲಿ ಪರಿಮಳದಿಂದಾಗಲಿ ಹೇಳಬಲ್ಲವರು ಯಾರೂ ಇಲ್ಲ. ಆದುದರಿಂದ ಕೇಳಬೇಕಾದದ್ದು ಇದು: ಹೂವಿನ ಮಡಿಯು ಎಲ್ಲಿದೆ? ಹೂವಿನಲ್ಲಿದೆಯೆ, ಬೇರಿನಲ್ಲಿದೆಯೆ, ಅಥವಾ ಬೇರಿಗೆ ಉಣಿಸಿ ಹೂವನ್ನು ಕೊಯ್ಯುವ ಮನುಷ್ಯನ ನಡತೆಯಲ್ಲಿದೆಯೆ?

ಮೊದಲು ಗಿಡದ ಹಸಿವೆಯನ್ನು ಸ್ವಲ್ಪ ತಿಳಿಯತಕ್ಕದ್ದು. ಗುಲಾಬಿಯು ಈ ಸೀಮೆಯಲ್ಲಿ ಅತಿಥಿ. ದಾಸವಾಳವೂ ಗೋರಟೆಯೂ ಬೇಲಿಯ ಬದಿಯಲ್ಲಿ, ಕೇಳುವವರಿಲ್ಲದಿದ್ದರೂ, ತಮ್ಮಷ್ಟಕ್ಕೆ ಹೂ ಬಿಡುತ್ತವೆ, ಗುಲಾಬಿಯು ಹಾಗಲ್ಲ. ಇಲ್ಲಿಯ ನೆಲವು ಬಹುಮಟ್ಟಿಗೆ ಮುರಕಲ್ಲಿನ ನೆಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆಯು, ಅದರಲ್ಲಿಯೂ ಬಹುಭಾಗವು ಜೂನಿನಿಂದ ಸೆಪ್ಟೆಂಬರದ ಒಳಗೆ, ಈ ಮಣ್ಣಿನ ಮೇಲೆ ಸುರಿಯುತ್ತದೆ. ನೀರಿನಲ್ಲಿ ಕರಗಬಲ್ಲ ಸಾರವೆಲ್ಲ ಕೊಚ್ಚಿಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮುಗಳು ಮಾತ್ರ ಹಿಂದುಳಿದು, ಮಣ್ಣು ಕೆಂಪಾಗಿಯೂ ಹುಳಿಯಾಗಿಯೂ ಉಳಿಯುತ್ತದೆ. ಇಂಥ ಮಣ್ಣು ಗಿಡಕ್ಕೆ ಬೇಕಾದ ರಂಜಕವನ್ನು ಜಿಪುಣನಂತೆ ಹಿಡಿದಿಟ್ಟುಕೊಳ್ಳುತ್ತದೆ. ಕೋಡಿ, ಗಂಗೊಳ್ಳಿ, ಮರವಂತೆಗಳ ಕಡಲ ಬದಿಯಲ್ಲಾದರೋ ಹೊಯಿಗೆಯ ನೆಲ. ಅದು ಕೊಟ್ಟದ್ದನ್ನು ಹಿಡಿದಿಡಲಾರದು. ಹೀಗೆ ಒಂದು ಕಡೆ ಜಿಪುಣ ಮಣ್ಣು, ಇನ್ನೊಂದು ಕಡೆ ದುಂದುಗಾರ ಮಣ್ಣು. ಇವೆರಡರ ನಡುವೆ ಗುಲಾಬಿಯು ಬದುಕಬೇಕಾದರೆ ಮನುಷ್ಯನು ಅದಕ್ಕೆ ಉಣಿಸಲೇ ಬೇಕು.

ಉಣಿಸುವ ಕ್ರಮವು ಅನುಭವಸ್ಥರಿಗೆ ತಿಳಿದದ್ದೇ. ಒಂದೂವರೆ ಎರಡು ಅಡಿ ಆಳದ ಹೊಂಡವನ್ನು ತೋಡಿ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಮೇಲ್ಮಣ್ಣಿನೊಂದಿಗೆ ಬೆರೆಸಿ ತುಂಬುತ್ತಾರೆ. ಅಕ್ಟೋಬರದಲ್ಲಿ ಗಿಡವನ್ನು ಸವರಿದ ಬಳಿಕ ಒಂದು ಹಿಡಿ ಎಲುಬಿನ ಹುಡಿಯನ್ನು ಬುಡದಿಂದ ಗೇಣು ದೂರದಲ್ಲಿ ಮಣ್ಣಿಗೆ ಸೇರಿಸುತ್ತಾರೆ. ಹುಳಿಯಾದ ಮಣ್ಣಿನಲ್ಲಿ ಅದು ಮೆಲ್ಲಮೆಲ್ಲನೆ ಕರಗಿ ತಿಂಗಳುಗಟ್ಟಲೆ ರಂಜಕವನ್ನು ಕೊಡುತ್ತದೆ. ನೆಲಗಡಲೆಯ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಹಾಕಿ, ಹತ್ತು ಪಾಲು ನೀರಿನಲ್ಲಿ ತೆಳುಮಾಡಿ ಎರೆಯುವುದುಂಟು. ಸೌದೆಯೊಲೆಯ ಬೂದಿಯು ಪೊಟ್ಯಾಶನ್ನೂ ಕೊಡುತ್ತದೆ, ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ. ಇದೆಲ್ಲವೂ ಸರಿಯಾಗಿ ನಡೆದರೆ, ಸವರಿದ ಆರೇಳು ವಾರಗಳಲ್ಲಿ, ಎಂದರೆ ಕೋಟೇಶ್ವರದ ಕೊಡಿಹಬ್ಬದ ಆಸುಪಾಸಿನಲ್ಲಿ, ಗಿಡವು ಹೂ ಹೊರುತ್ತದೆ. ಆದರೆ ಇದರಲ್ಲಿಯೂ ಮಿತಿಯಿರಬೇಕು. ಸಾರಜನಕದ ಗೊಬ್ಬರವನ್ನು ಅತಿಯಾಗಿ ಉಣಿಸಿದರೆ ಗಿಡವು ಸೊಕ್ಕಿ ಎಲೆಯನ್ನು ಬಿಡುತ್ತದೆಯೇ ಹೊರತು ಹೂವನ್ನು ಕೊಡುವುದಿಲ್ಲ. ಮಳೆಯ ಬಾಯಿಗೆ ಹಾಕಿದ ಗೊಬ್ಬರವು ಗಿಡಕ್ಕೂ ಇಲ್ಲದೆ ತೋಡಿನ ಪಾಲಾಗುತ್ತದೆ.

ಈ ಪಟ್ಟಿಯಲ್ಲಿ ಕಡಲ ಕೊಡುಗೆಯನ್ನು ಮರೆಯುವಂತಿಲ್ಲ. ಬೂತಾಯಿ ಅಥವಾ ಬೈಗೆಯೆನ್ನುವ ಮೀನು ಹೇರಳವಾಗಿ ಬಿದ್ದ ಕಾಲದಲ್ಲಿ, ತಿಂದು ಮಿಕ್ಕದ್ದನ್ನು ಒಣಗಿಸಿ ತೆಂಗಿನ ಬುಡಕ್ಕೆ ಹಾಕುವುದು ಈ ಕರಾವಳಿಯ ಹಳೆಯ ರೂಢಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮದ್ರಾಸು ಸರಕಾರದ ಮೀನುಗಾರಿಕೆಯ ಇಲಾಖೆಯವರು ಮಲಬಾರಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಈ ಮೀನಿನಿಂದ ಎಣ್ಣೆಯನ್ನು ತೆಗೆದು ಉಳಿದ ಹಿಂಡಿಯನ್ನು ಗೊಬ್ಬರವಾಗಿ ಮಾರುವ ಉದ್ಯಮಕ್ಕೆ ಪ್ರೋತ್ಸಾಹವನ್ನಿತ್ತರು. ತೆಂಗಿನ ಮರದ ಬುಡದಲ್ಲಿ ಮೀನು ಬಿದ್ದರೆ ಆಕ್ಷೇಪಿಸದವರು ಗುಲಾಬಿಯ ಬುಡದಲ್ಲಿ ಬಿದ್ದರೆ ಆಕ್ಷೇಪಿಸುತ್ತಾರೆ. ಹಾಗಾದರೆ ಆ ಮರದ ಕಾಯನ್ನು ದೇವರ ಮುಂದೆ ಒಡೆಯುವುದಿಲ್ಲವೆ? ತೆಂಗು ಎತ್ತರದಲ್ಲಿದೆ, ಗುಲಾಬಿಯು ಮೊಣಕಾಲೆತ್ತರದಲ್ಲಿದೆ. ಮಡಿಯ ಭೇದವು ಇಷ್ಟರ ಮೇಲೆ ನಿಂತಿದ್ದರೆ ಅದು ಕಣ್ಣಿನ ಭೇದವೇ ಸರಿ.

ಆದರೂ ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಬಿಡುವುದು ನ್ಯಾಯವಲ್ಲ. ದೇವರಿಗೆ ಕೊಡುವ ವಸ್ತುವಿನಲ್ಲಿ ಮೊದಲಿನಿಂದ ಕೊನೆಯ ವರೆಗೆ ಒಂದು ಎಚ್ಚರವಿರಬೇಕೆಂಬುದು ಅವರ ಅಭಿಪ್ರಾಯ. ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಕೊಡುವುದು ಕೊಡುವಿಕೆಯಲ್ಲ, ಒಗೆಯುವಿಕೆ. ಹೂವನ್ನು ಕೊಯ್ಯುವ ಮುನ್ನ ಮೀಯುವುದು, ನೆಲಕ್ಕೆ ಬಿದ್ದದ್ದನ್ನು ಬಿಡುವುದು, ಮೂಸಿ ನೋಡದಿರುವುದು, ಇವೆಲ್ಲವೂ ಮನಸ್ಸನ್ನು ಒಂದು ಕಡೆ ನಿಲ್ಲಿಸುವ ಅಭ್ಯಾಸಗಳು. ಈ ಎಚ್ಚರವನ್ನು ಹೂವಿನಿಂದ ಗಿಡಕ್ಕೂ, ಗಿಡದಿಂದ ಬೇರಿಗೂ ವಿಸ್ತರಿಸಿದರೆ ತಪ್ಪೇನೆಂದು ಅವರು ಕೇಳುತ್ತಾರೆ. ಪ್ರಶ್ನೆಯು ಗೌರವಕ್ಕೆ ಅರ್ಹವಾದದ್ದು.

ಇದಕ್ಕೆ ರಸಾಯನಶಾಸ್ತ್ರದವರು ಕೊಡುವ ಉತ್ತರವು ಪ್ರಸಿದ್ಧವಾಗಿದೆ. ಜರ್ಮನಿಯ ಲೀಬಿಗ್ ಎಂಬ ವಿದ್ವಾಂಸನು 1840ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು, ಗಿಡವು ಮಣ್ಣಿನಿಂದ ಪಡೆಯುವ ಆಹಾರವು ಮುಖ್ಯವಾಗಿ ಖನಿಜ ಲವಣಗಳ ರೂಪದಲ್ಲಿರುವುದೆಂಬ ತಿಳಿವಳಿಕೆಯು ನೆಲೆಗೊಂಡಿತು. ಮೀನು ಮೀನಾಗಿ, ಎಲುಬು ಎಲುಬಾಗಿ ಬೇರಿನೊಳಕ್ಕೆ ಹೋಗಲಾರದು. ಕಣ್ಣಿಗೆ ಕಾಣದ ಅಸಂಖ್ಯಾತ ಜೀವಾಣುಗಳು ಅವನ್ನು ಕೊಳೆಯಿಸಿ, ಒಡೆದು, ಸಾರಜನಕವನ್ನೂ ರಂಜಕವನ್ನೂ ನೀರಿನಲ್ಲಿ ಕರಗುವ ಲವಣಗಳಾಗಿ ಮಾಡಿಕೊಟ್ಟ ಮೇಲೆಯೇ ಬೇರು ಅದನ್ನು ಹೀರುವುದು. ಆ ಲವಣವು ಸೆಗಣಿಯಿಂದ ಬಂದಿತೋ, ಹಿಂಡಿಯಿಂದ ಬಂದಿತೋ, ಬೈಗೆ ಮೀನಿನಿಂದ ಬಂದಿತೋ ಎಂಬ ಗುರುತು ಅದರ ಮೇಲೆ ಇರುವುದಿಲ್ಲ. ಹಟ್ಟಿಗೊಬ್ಬರವು ಪೂರಾ ಕಳಿತ ಮೇಲೆಯೇ ಹೂಗಿಡಕ್ಕೆ ಹಾಕಬೇಕೆಂಬ ಹಿರಿಯರ ಕಟ್ಟಳೆಯಲ್ಲಿಯೂ ಇದೇ ತತ್ತ್ವವಿದೆ: ನಾತವು ಅಡಗಿ, ಮಣ್ಣಿನ ವಾಸನೆಯು ಬಂದಾಗ ಗೊಬ್ಬರವು ಗೊಬ್ಬರತನವನ್ನು ಬಿಟ್ಟು ಮಣ್ಣಾಯಿತೆಂದು ಅವರು ತಿಳಿದಿದ್ದರು.

ಈ ಉತ್ತರವು ನಿಜ, ಆದರೆ ಸಾಲದು. ಕದ್ದ ಅಕ್ಕಿಯನ್ನೂ ದುಡಿದು ತಂದ ಅಕ್ಕಿಯನ್ನೂ ಹೊಟ್ಟೆಯು ಒಂದೇ ರೀತಿಯಲ್ಲಿ ಜೀರ್ಣಿಸಿಕೊಳ್ಳುತ್ತದೆ. ರಕ್ತದಲ್ಲಿ ಕಳವಿನ ಗುರುತು ಕಾಣಿಸುವುದಿಲ್ಲ. ಅಷ್ಟರಿಂದ ಎರಡು ಅನ್ನಗಳೂ ಸಮವೆಂದು ಯಾರಾದರೂ ಹೇಳುವರೆ? ವಸ್ತುವಿನಲ್ಲಿ ಗುರುತು ಉಳಿಯಲಿಲ್ಲವೆಂಬ ಮಾತ್ರಕ್ಕೆ ಅದರ ಮೂಲವು ನಿರ್ದೋಷವೆಂದು ತೀರ್ಮಾನವಾಗುವುದಿಲ್ಲ. ಆದುದರಿಂದ ಮೂಲವನ್ನು ವಿಚಾರಿಸಬೇಕೆಂದು ಆಕ್ಷೇಪಿಸುವವರು ಹೇಳುವುದು ಸರಿಯೇ. ಅವರು ಯಾವುದನ್ನು ಮೂಲವೆಂದು ಎಣಿಸುತ್ತಾರೆಂಬುದರಲ್ಲಿ ಮಾತ್ರ ವಿಚಾರ ಮಾಡತಕ್ಕದ್ದಿದೆ. ಕದ್ದ ಅಕ್ಕಿಯ ದೋಷವು ಅಕ್ಕಿಯು ಯಾವ ಪಾತ್ರೆಯನ್ನು ಮುಟ್ಟಿತೆಂಬುದರಲ್ಲಿಲ್ಲ. ಅದನ್ನು ಪಡೆಯುವಾಗ ಒಬ್ಬನಿಗೆ ಅನ್ಯಾಯವಾಯಿತೆಂಬುದರಲ್ಲಿದೆ. ಹಾಗೆಯೇ ಗೊಬ್ಬರದ ವಿಷಯದಲ್ಲಿಯೂ ಕೇಳಬೇಕಾದ ಮಾತು ಇದೇ: ಇದು ಇಲ್ಲಿಗೆ ಬರುವಲ್ಲಿ ಯಾರಿಗಾದರೂ ನೋವಾಯಿತೆ? ಯಾರಿಗಾದರೂ ಅವಮಾನವಾಯಿತೆ?

ಈ ಮಾತನ್ನು ಹಿಡಿದು ನೋಡಿದರೆ, ಎಲುಬಿನ ಹುಡಿಯನ್ನು ಬೇಡವೆನ್ನುವವರಲ್ಲಿ ಎರಡು ಬಗೆಯವರು ಕಾಣುತ್ತಾರೆ. ಒಬ್ಬನು ಆ ಎಲುಬು ಒಂದು ಕಾಲದಲ್ಲಿ ಉಸಿರಾಡುತ್ತಿದ್ದ ಪಶುವಿನದೆಂದು ನೆನೆದು ಕೈ ಹಿಂತೆಗೆಯುತ್ತಾನೆ. ಇನ್ನೊಬ್ಬನು ಅದು ತನಗೆ ತಗಲೀತೆಂದು ಹಿಂತೆಗೆಯುತ್ತಾನೆ. ಹೊರಗಿನಿಂದ ನೋಡುವವರಿಗೆ ಇಬ್ಬರ ನಡೆಯೂ ಒಂದೇ. ಆದರೆ ಮೊದಲನೆಯದು ದಯೆ, ಎರಡನೆಯದು ಹೇಸಿಕೆ. ಇವನ್ನು ಬೇರ್ಪಡಿಸುವ ಒರೆಗಲ್ಲು ಸುಲಭವಾಗಿಯೇ ಸಿಕ್ಕುತ್ತದೆ. ದಯೆಯುಳ್ಳವನು ಸತ್ತ ಪಶುವಿನ ಎಲುಬನ್ನು ಬಿಟ್ಟು, ಬದುಕಿರುವ ಪಶುವಿನ ಹಟ್ಟಿಯ ಕಡೆಗೆ ನಡೆಯುತ್ತಾನೆ; ಅದಕ್ಕೆ ಹೊತ್ತಿಗೆ ಸರಿಯಾಗಿ ಅಕ್ಕಚ್ಚು ಸಿಕ್ಕಿತೇ, ಮುದಿಯಾದ ಹಸುವಿಗೆ ಮೇವು ಇದೆಯೇ ಎಂದು ವಿಚಾರಿಸುತ್ತಾನೆ. ಹೇಸುವವನು ಕೈ ತೊಳೆದು ಒಳಗೆ ಹೋಗುತ್ತಾನೆ. ದಯೆಯಿಂದ ಎಲುಬನ್ನು ಬಿಡುವವನ ಗಿಡಕ್ಕೆ ಹಿಂಡಿ, ಬೂದಿ, ಸೊಪ್ಪಿನ ಗೊಬ್ಬರಗಳಿಂದ ಊಟವಾಗುತ್ತದೆ. ಹೂವು ಒಂದೆರಡು ಕಡಿಮೆಯಾದರೂ ಅವನು ಅದನ್ನು ನಷ್ಟವೆಂದು ಎಣಿಸುವುದಿಲ್ಲ. ಅಂಥವನೊಂದಿಗೆ ಯಾರಿಗೂ ಜಗಳವಿರಬೇಕಾಗಿಲ್ಲ.

ಇನ್ನು ಅವಮಾನದ ಮಾತು. ಗೊಬ್ಬರವು ತಾನಾಗಿ ಬುಡಕ್ಕೆ ನಡೆದುಬರುವುದಿಲ್ಲ. ಅದನ್ನು ಹಟ್ಟಿಯಿಂದ ತೆಗೆದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ತರುವ ಒಬ್ಬ ಮನುಷ್ಯನಿದ್ದಾನೆ. ಈ ಸೀಮೆಯ ಹಿಂದಿನ ವ್ಯವಸ್ಥೆಯಲ್ಲಿ ಆ ಮನುಷ್ಯನು ಬಹುಮಟ್ಟಿಗೆ ಮೂಲದಾಳು. ತಲೆಮಾರುಗಳಿಂದ ಒಡೆಯನ ಮನೆಗೆ ಕಟ್ಟುಬಿದ್ದವನು. ಅವನು ಹೊತ್ತ ಗೊಬ್ಬರವು ಅಂಗಳದ ಹೂಗಿಡದ ವರೆಗೆ ಬರಬಹುದಾಗಿತ್ತು. ಅವನು ಮಾತ್ರ ಅಂಗಳದಂಚಿನಲ್ಲಿ ನಿಲ್ಲಬೇಕಾಗಿತ್ತು. ಅವನ ಬೆವರಿನಿಂದ ಅರಳಿದ ಹೂವು ಗರ್ಭಗುಡಿಯ ಒಳಗೆ ಹೋಯಿತು. ಅವನು ದೇವಸ್ಥಾನದ ಬಾಗಿಲ ಹೊರಗೆ ಉಳಿದನು. ಬುಟ್ಟಿಯ ಕಥೆಯನ್ನಂತೂ ಹೇಳತೀರದು. ಬಳ್ಳಿಯಿಂದಲೂ ಬಿದಿರಿನಿಂದಲೂ ಬುಟ್ಟಿ ಹೆಣೆಯುವುದು ಕೊರಗರ ಕುಲಕಸುಬು. ಅವರ ಕೈ ಹೆಣೆದ ಬುಟ್ಟಿಯು ಮನೆಯ ಒಳಕ್ಕೆ ಬಂದಿತು, ಅದರಲ್ಲಿ ಹೂವು ತುಂಬಿತು; ಹೆಣೆದ ಕೈ ಮಾತ್ರ ಒಳಗೆ ಬರಲಿಲ್ಲ. ಮಡಿಯ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ಇಟ್ಟವರಿಗೆ ಈ ತಪ್ಪು ಕಾಣಿಸದೆ ಹೋದದ್ದು ಆಶ್ಚರ್ಯವೇ ಸರಿ.

ಇಲ್ಲಿ ಒಂದು ಹೋಲಿಕೆಯಿಂದ ಜಾಗ್ರತೆಯಾಗಿ ದೂರವಿರತಕ್ಕದ್ದು. ಮಣ್ಣು ಮೀನನ್ನೂ ಎಲುಬನ್ನೂ ಶುದ್ಧಿಗೊಳಿಸುವಂತೆ ಸಮಾಜವೂ ಕೆಳಗಿಟ್ಟವರನ್ನು ಶುದ್ಧಿಗೊಳಿಸಿ ಮೇಲೆತ್ತಬೇಕೆಂದು ಒಳ್ಳೆಯ ಮನಸ್ಸಿನವರೇ ಕೆಲವರು ಹೇಳಿದ್ದುಂಟು. ಅದು ಅವಮಾನಕ್ಕೆ ಮತ್ತೊಂದು ಅವಮಾನವನ್ನು ಸೇರಿಸಿದಂತೆ. ಗೊಬ್ಬರಕ್ಕೆ ಕಳಿಯುವ ಅಗತ್ಯವಿತ್ತು. ಗೊಬ್ಬರವನ್ನು ಹೊತ್ತವನಿಗೆ ಎಂದೂ ಶುದ್ಧಿಯ ಅಗತ್ಯವಿರಲಿಲ್ಲ. ಮಾರ್ಪಾಟು ಆಗಬೇಕಾಗಿದ್ದದ್ದು ಹೂವನ್ನು ಕೊಯ್ದವನಲ್ಲಿ.

ತೋಟದ ನ್ಯಾಯವನ್ನು ಊರಿಗೆ ತರಬಾರದೆಂಬುದಕ್ಕೆ ಕಸಿಯ ಗುಲಾಬಿಯೇ ಇನ್ನೊಂದು ಉದಾಹರಣೆ. ಪೇಟೆಯಲ್ಲಿ ಕೊಳ್ಳುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಹೆಚ್ಚಿನವು ತಮ್ಮ ಸ್ವಂತ ಬೇರಿನ ಮೇಲೆ ನಿಂತವುಗಳಲ್ಲ. ಗಟ್ಟಿಮುಟ್ಟಾದ ಬೇರೊಂದು ಗುಲಾಬಿಯ ಬುಡಕ್ಕೆ ಇವುಗಳ ಕಣ್ಣನ್ನು ಕಟ್ಟಿರುತ್ತಾರೆ. ಭಾರತದಲ್ಲಿ ಹೀಗೆ ಬುಡವಾಗಿ ಬಹುಕಾಲ ದುಡಿದವುಗಳಲ್ಲಿ ಎಡ್ವರ್ಡ್ ಗುಲಾಬಿಯೂ ಒಂದು. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಿಂದ ಹೆಸರು ಪಡೆದ ಗುಲಾಬಿಗಳ ವರ್ಗಕ್ಕೆ ಅದು ಸೇರಿದೆ. ಮೇಲಿನ ಕೊಂಬೆಯ ಹೂವಿಗೆ ಹೆಸರಿದೆ, ಬೆಲೆಯಿದೆ, ಪ್ರದರ್ಶನದಲ್ಲಿ ಬಹುಮಾನವಿದೆ. ಕೆಳಗಿನ ಬೇರಿಗೆ ಹೆಸರಿಲ್ಲ. ಅಷ್ಟೇ ಅಲ್ಲ, ಆ ಬುಡವು ತನ್ನದೇ ಚಿಗುರನ್ನು ಹೊರಡಿಸಿದರೆ ತೋಟಗಾರನು ಅದನ್ನು ಕೂಡಲೆ ಕಿತ್ತುಹಾಕುತ್ತಾನೆ; ಬಿಟ್ಟರೆ ಮೇಲಿನ ಕಸಿಯು ಸೊರಗಿ ಸಾಯುತ್ತದೆ. ಗಿಡದಲ್ಲಿ ಇದು ಜಾಣತನ. ಮನುಷ್ಯರಲ್ಲಿ ಇದೇ ಕೆಲಸವು ಘೋರವಾದ ಅನ್ಯಾಯ. ಬೇರಿನಂತೆ ದುಡಿಯುವವನಿಗೂ ತನ್ನದೇ ಒಂದು ಚಿಗುರು ಬೇಕೆಂಬ ಆಸೆಯಿರುತ್ತದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯ ಚೋಮನು ಬಯಸಿದ್ದು ಇಷ್ಟೇ: ಒಂದು ತುಂಡು ನೆಲ, ತಾನೇ ಹೂಡುವ ಒಂದು ನೇಗಿಲು. ಆ ಚಿಗುರನ್ನು ಅಂದಿನ ಸಮಾಜವು ಬಿಡಲಿಲ್ಲ.

ಕಾಲವು ಅಲ್ಲಿಗೇ ನಿಲ್ಲಲಿಲ್ಲವೆಂಬುದೂ ನಿಜವೇ. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಅಸ್ಪೃಶ್ಯತೆಯ ನಿವಾರಣೆಗಾಗಿ ಕೈಗೊಂಡ ಯಾತ್ರೆಯಲ್ಲಿ ಉಡುಪಿ ಕುಂದಾಪುರಗಳಿಗೂ ಬಂದಿದ್ದರು. 1947ರ ಮದ್ರಾಸು ದೇವಾಲಯ ಪ್ರವೇಶದ ಕಾನೂನು ದೇವಸ್ಥಾನಗಳ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ಅಳಿಸಿತು. ಆದರೂ ಕೊರಗರನ್ನು ಹೀನಾಯವಾಗಿ ನಡೆಯಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕದಲ್ಲಿ ಪ್ರತ್ಯೇಕವಾದ ಕಾನೂನನ್ನೇ ಮಾಡಬೇಕಾಯಿತು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಅಂಗಳದ ಅಂಚಿನಲ್ಲಿ ಮನಸ್ಸು ಎಳೆದ ಗೆರೆಯನ್ನು ಅಳಿಸುವ ಕೆಲಸವು ಆಯಾ ಮನೆಯವರದೇ.

ಮೂಲವನ್ನು ಮುಚ್ಚಿಡದೆಯೂ ಹೂವು ದೇವರಿಗೆ ಸಲ್ಲಬಹುದೆಂಬುದಕ್ಕೆ ಈ ಸೀಮೆಯಲ್ಲಿಯೇ ಸೊಗಸಾದ ನಿದರ್ಶನವಿದೆ. ಹೆಮ್ಮಾಡಿಯ ಸುತ್ತಿನ ರೈತರು ತಮ್ಮ ಗದ್ದೆಗಳಲ್ಲಿ ಬೆಳೆಯುವ ಸೇವಂತಿಗೆಯು ಮಕರಸಂಕ್ರಮಣದ ಹೊತ್ತಿಗೆ ಅರಳುತ್ತದೆ. ಮಾರಣಕಟ್ಟೆಯ ಜಾತ್ರೆಯಲ್ಲಿ ಬ್ರಹ್ಮಲಿಂಗೇಶ್ವರನಿಗೆ ಅದು ಸಲ್ಲುತ್ತದೆ. ಆ ಹೂವಿನ ಹೆಸರಿನಲ್ಲಿಯೇ ಊರಿನ ಹೆಸರಿದೆ. ಹೆಮ್ಮಾಡಿ ಸೇವಂತಿಗೆಯೆಂದೊಡನೆ ಗದ್ದೆಯೂ, ಗೊಬ್ಬರವೂ, ನೀರೆರೆದವರೂ ಜೊತೆಯಲ್ಲಿಯೇ ನೆನಪಿಗೆ ಬರುತ್ತಾರೆ. ಬೆಳೆದವರ ಗುರುತನ್ನು ಹೊತ್ತುಕೊಂಡೇ ಹೂವು ಮುಡಿಗೆ ಏರುತ್ತದೆ. ಅದರಿಂದ ಅದರ ಮಡಿಗೆ ಕುಂದು ಬಂದಿತೆಂದು ಯಾರೂ ಹೇಳಿದ್ದಿಲ್ಲ.

ಅಂಗಳದ ಗುಲಾಬಿಗೂ ಈ ಮರ್ಯಾದೆಯು ಸಲ್ಲಬೇಕು. ಇಂಥದೊಂದು ದೃಶ್ಯವನ್ನು ಊಹಿಸಬಹುದು. ಬೆಳಗಿನ ಹೊತ್ತು ಮೀನಿನ ಬುಟ್ಟಿಯನ್ನು ಹೊತ್ತ ಹೆಂಗಸೊಬ್ಬಳು ಮನೆಯ ಮುಂದೆ ನಿಲ್ಲುತ್ತಾಳೆ. ಗಿಡದ ಕಡೆಗೆ ನೋಡಿ, “ಹೂ ಲಾಯ್ಕ್ ಇತ್ತಲೆ ಅಕ್ಕಾ, ಬುಡಕ್ಕೆ ಎಂತ ಹಾಕ್ತ್ರಿ?” ಎಂದು ಕೇಳುತ್ತಾಳೆ. ಮನೆಯಾಕೆಯ ಮುಂದೆ ಎರಡು ಉತ್ತರಗಳಿವೆ. ಏನೋ ಒಂದು ಗೊಬ್ಬರವೆಂದು ಮಾತು ಹಾರಿಸಿ, ಆಕೆಯನ್ನು ಅಲ್ಲಿಯೇ ನಿಲ್ಲಿಸಿ, ಒಳಗೆ ಹೋಗಬಹುದು. ಅಥವಾ, ನೀವು ತಂದ ಮೀನಿನ ನೀರನ್ನೇ ಎರೆದದ್ದೆಂದು ಇದ್ದದ್ದನ್ನು ಇದ್ದಂತೆ ಹೇಳಿ, ಆಕೆಯನ್ನು ಜಗಲಿಗೆ ಕರೆದು ಕುಳ್ಳಿರಿಸಿ, ಕುಡಿಯಲು ನೀರು ಬೆಲ್ಲ ಕೊಟ್ಟು, ಮುಡಿಯಲು ಒಂದು ಹೂವನ್ನು ಕೊಯ್ದುಕೊಡಬಹುದು. ಎರಡನೆಯ ಉತ್ತರವನ್ನು ಕೊಟ್ಟ ಮನೆಯ ಹೂವು ದೇವರ ಮುಂದೆ ಯಾವ ಅಂಜಿಕೆಯೂ ಇಲ್ಲದೆ ಹೋಗಬಲ್ಲುದು. ಮೊದಲನೆಯ ಉತ್ತರವನ್ನು ಕೊಟ್ಟ ಮನೆಯಲ್ಲಿ, ಬುಡಕ್ಕೆ ಬಿದ್ದದ್ದು ಬರಿಯ ಹಾಲೇ ಆಗಿದ್ದರೂ, ಹೂವಿಗೆ ಒಂದು ಮೈಲಿಗೆಯು ತಗಲಿಯೇ ಇದೆ. ಅದು ಮಣ್ಣಿನಿಂದ ಬಂದದ್ದಲ್ಲ.

ಆದುದರಿಂದ ಗುಲಾಬಿಯನ್ನು ಸಾಕುವವರು ಗಿಡಕ್ಕೆ ಏನನ್ನು ಉಣಿಸಬೇಕೆಂದು ತಮ್ಮ ತಮ್ಮ ದಯೆಗೂ ಅನುಕೂಲಕ್ಕೂ ತಕ್ಕಂತೆ ನಿರ್ಧರಿಸಿಕೊಳ್ಳಲಿ. ಹಿಂಡಿಯಾದರೂ ಆದೀತು, ಮೀನಾದರೂ ಆದೀತು. ಗಿಡವು ಎರಡನ್ನೂ ಹೂವಾಗಿ ಮಾಡಿಕೊಡುತ್ತದೆ. ಹೂವನ್ನು ಕೊಯ್ಯುವಾಗ ಮಾತ್ರ, ಅದರ ಬುಡದ ವರೆಗೆ ಬಂದುಹೋದ ಕೈಗಳನ್ನು ಒಮ್ಮೆ ಎಣಿಸಿಕೊಳ್ಳತಕ್ಕದ್ದು. ಆ ಎಣಿಕೆಯಲ್ಲಿ ಯಾರನ್ನೂ ಬಿಟ್ಟಿಲ್ಲವೆಂದಾದರೆ, ಮೀಯುವುದಕ್ಕಿಂತಲೂ ಮಿಗಿಲಾದ ಮಡಿಯು ಅದೇ.